ಬೀರೂರಿನ ಲೆಕ್ಕ

ನನ್ನ ಹೆಂಡತಿಗೆ ಯುರೋಪಿನ ಮೇಲೆ ಅಂಥ ಮೋಹವೇನಿಲ್ಲ. ಐಫೆಲ್ ಗೋಪುರವನ್ನು ಕ್ಯಾಲೆಂಡರಿನಲ್ಲೇ ನೋಡಿಯಾಗಿದೆ ಎನ್ನುವವಳು ಅವಳು. ಹೋದ ವರ್ಷ ಮಗಳು ಫೋನಿಗೆ ಒಂದು ವಿಡಿಯೊ ಕಳಿಸಿದಳು. ಇಟಲಿಯ ದಕ್ಷಿಣದ ತುದಿ, ಸಮುದ್ರದ ದಂಡೆ. ಬಾಯಿ ತೆರೆದು ನಿಂತ ಹಡಗೊಂದರ ಹೊಟ್ಟೆಯೊಳಕ್ಕೆ ಎಂಜಿನ್ನು ರೈಲಿನ ಬೋಗಿಗಳನ್ನು ನಿಧಾನಕ್ಕೆ ತಳ್ಳುತ್ತಿದೆ. ಗೂಡಿನೊಳಗೆ ಮಡಕೆ ಜೋಡಿಸಿದ ಹಾಗೆ ನಾಲ್ಕು ಬೋಗಿ ಈ ಕಡೆ, ನಾಲ್ಕು ಬೋಗಿ ಆ ಕಡೆ. ಇವಳು ಅದನ್ನು ಮೂರು ಸಲ ನೋಡಿದಳು. ಕನ್ನಡಕ ತೆಗೆದಿಟ್ಟು, "ರೀ, ಇದರಲ್ಲಿ ಹೋಗಬೇಕು" ಎಂದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಒಡವೆ ಬೆರಳಿಟ್ಟು ತೋರಿಸಿದ್ದುಂಟು, ಸೀರೆ ತೋರಿಸಿದ್ದುಂಟು. ರೈಲನ್ನು ತೋರಿಸಿ ಬೇಕು ಅಂದದ್ದು ಇದೇ ಮೊದಲು.

ಮಗಳಿರುವುದು ಲಂಡನ್ನಿನ ಹತ್ತಿರ. ಹಾಗಾಗಿ ದಾರಿ ತಾನಾಗಿ ಗೊತ್ತಾಯಿತು: ಲಂಡನ್ನಿನಿಂದ ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡ್, ಮಿಲಾನ್, ರೋಮ್, ಕೊನೆಗೆ ಸಿಸಿಲಿಯ ಸಿರಾಕ್ಯೂಸ್. ಒಂದು ತುದಿಯಲ್ಲಿ ರೈಲು ಸಮುದ್ರದ ಅಡಿಗೆ ಇಳಿಯುತ್ತದೆ, ಇನ್ನೊಂದು ತುದಿಯಲ್ಲಿ ಸಮುದ್ರದ ಮೇಲೆ ತೇಲುತ್ತದೆ. ಅಡಿಯದರಲ್ಲಿ ಇವಳಿಗೆ ಆಸಕ್ತಿ ಇಲ್ಲ. 1994ರಲ್ಲಿ ತೆರೆದ ಆ ಸುರಂಗ 50 ಕಿಲೋಮೀಟರ್ ಉದ್ದ, ಅದರಲ್ಲಿ 38 ಕಿಲೋಮೀಟರ್ ಕಡಲ ತಳದ ಕೆಳಗೇ ಇದೆ ಅಂತ ನಾನು ಬೆರಗಿನಿಂದ ಓದಿ ಹೇಳಿದೆ. "ಒಳಗೆ ಕತ್ತಲೆ ತಾನೇ? ಸಕಲೇಶಪುರದ ಘಾಟಿಯಲ್ಲಿ ಬೇಕಾದಷ್ಟು ನೋಡಿದ್ದೇನೆ" ಎಂದಳು.

ಯೋಜನೆ ಹಾಕುವ ಜವಾಬ್ದಾರಿ ನನ್ನದಾಯಿತು. ನಿವೃತ್ತನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಲಾರರು. ನನ್ನ ಬಳಿ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಎಂದೋ ಕೊಂಡಿದ್ದ ಒಂದು ಹಳೇ ಪುಸ್ತಕ ಇತ್ತು. ಥಾಮಸ್ ಕುಕ್ ಕಂಪನಿಯ ಯುರೋಪಿಯನ್ ರೈಲ್ವೆ ವೇಳಾಪಟ್ಟಿ, ಕೆಂಪು ಹೊದಿಕೆಯದು. 1873ರಲ್ಲಿ ಶುರುವಾದದ್ದು. 2013ರ ಆಗಸ್ಟಿಗೆ ಕಂಪನಿ ಕೈಬಿಟ್ಟಿತು. ಅದನ್ನು ಸಿದ್ಧಪಡಿಸುತ್ತಿದ್ದವರೇ ಮರುವರ್ಷ ಬೇರೆಯಾಗಿ ನಿಂತು ಮತ್ತೆ ಹೊರತಂದರು. ಫೋನು ಇರುವಾಗ ಹಳೇ ವೇಳಾಪಟ್ಟಿ ಏಕೆ ಎಂದರೆ, ಹಳೇ ಪಂಚಾಂಗ ಇಟ್ಟುಕೊಂಡು ಈ ವರ್ಷದ ಹಬ್ಬ ಹುಡುಕಲು ಬರುವುದಿಲ್ಲ, ಆದರೆ ಪಂಚಾಂಗ ನೋಡುವುದನ್ನು ಕಲಿಯಲು ಬರುತ್ತದೆ. ಫೋನು ನೀವು ಕೇಳಿದ ರೈಲನ್ನಷ್ಟೇ ತೋರಿಸುತ್ತದೆ. ಕೇಳದ ರೈಲುಗಳೂ ಒಂದರ ಪಕ್ಕ ಒಂದು ಸಾಲಾಗಿ ನಿಂತಿರುವುದು ಪುಸ್ತಕದಲ್ಲಿ.

ಓದಲು ಭೂತಗನ್ನಡಿ ಬೇಕು. ಅಂಕಿಗಳ ತಲೆಯ ಮೇಲೆ ಚಿಹ್ನೆಗಳು. ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಇದ್ದರೆ ಕೆಲಸದ ದಿನ, ಅಂದರೆ ರಜೆ ಬಿಟ್ಟು ಸೋಮವಾರದಿಂದ ಶನಿವಾರ. ಶಿಲುಬೆ ಇದ್ದರೆ ಭಾನುವಾರ ಮತ್ತು ರಜಾದಿನ. ವೃತ್ತದೊಳಗೆ 1ರಿಂದ 7ರ ತನಕ ಅಂಕಿ ಇದ್ದರೆ ಆಯಾ ವಾರ. ನಾನು ಒಂದು ವಾರ ಕೂತು, ಅಭ್ಯಾಸಕ್ಕೆಂದು, ನೋಟ್‌ಬುಕ್ಕಿನಲ್ಲಿ ಇಡೀ ಪ್ರಯಾಣವನ್ನು ಗೆರೆ ಎಳೆದು ಬರೆದೆ. ಮಗಳಿಗೆ ಫೋಟೊ ಕಳಿಸಿದೆ. ಐದು ನಿಮಿಷದಲ್ಲಿ ಫೋನು ಬಂತು.

"ಅಪ್ಪ, ಒಂದು ಅಂದರೆ ಭಾನುವಾರ ಅಂದ್ಕೊಂಡ್ರಾ?"

"ಮತ್ತೆ? ವಾರ ಶುರುವಾಗೋದು ಭಾನುವಾರ ಅಲ್ವೇನಮ್ಮ? ರವಿ, ಸೋಮ, ಮಂಗಳ..."

"ಅಲ್ಲಿ ಒಂದು ಅಂದರೆ ಸೋಮವಾರ."

ಇಡೀ ಯುರೋಪು ಒಂದು ದಿನ ಮುಂದಕ್ಕೆ ಸರಿಯಿತು. ನವಗ್ರಹಗಳ ಸಾಲಿನಲ್ಲಿ ಸೂರ್ಯನನ್ನು ಮೊದಲು ಕೂರಿಸಿದ ನಮ್ಮ ಹಿರಿಯರನ್ನು ಮನಸ್ಸಿನಲ್ಲೇ ಬೈದು ಮತ್ತೆ ಗೆರೆ ಎಳೆದೆ.

ರೈಲುಗಳಿಗೂ ಒಂದು ಯುಗಾದಿ ಇದೆಯೆಂದು ಆಗ ತಿಳಿಯಿತು. ಡಿಸೆಂಬರಿನ ಎರಡನೇ ಶನಿವಾರ ನಡುರಾತ್ರಿ ಯುರೋಪಿನ ಬಹುತೇಕ ದೇಶಗಳ ವೇಳಾಪಟ್ಟಿ ಒಟ್ಟಿಗೆ ಬದಲಾಗುತ್ತದೆ. ಅದಕ್ಕೂ ಹಿಂದೆ ಕೂತು ಮುಂದಿನ ಮೇ ತಿಂಗಳ ಯೋಜನೆ ಹಾಕಿದರೆ ಅದು ಊಹೆ ಅಷ್ಟೆ. ನಾನು ಮೂರು ತಿಂಗಳು ಊಹೆಯನ್ನೇ ತಿದ್ದುತ್ತ ಕೂತಿದ್ದೆ. ಸುಖವಾಗಿತ್ತು.

ಟಿಕೆಟ್ಟಿನ ವಿಷಯಕ್ಕೆ ಬಂದರೆ ನಮ್ಮ ಅಭ್ಯಾಸಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮಲ್ಲಿ 120 ದಿನ ಮುಂಚೆ ಟಿಕೆಟ್ ಮಾಡಿಸಬಹುದಿತ್ತು, 2024ರ ನವೆಂಬರಿನಿಂದ 60 ದಿನವಾಗಿದೆ. ಯಾವ ದಿನ ಮಾಡಿಸಿದರೂ ಹೆಚ್ಚಿನ ರೈಲುಗಳಲ್ಲಿ ದರ ಒಂದೇ, ಸೀಟು ಸಿಗುವುದು ಬಿಡುವುದು ದೈವೇಚ್ಛೆ. ಅಲ್ಲಿನ ದೂರದ ರೈಲುಗಳಲ್ಲಿ ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ತತ್ಕಾಲ್ ಇಲ್ಲ. ದಿನ ಹತ್ತಿರ ಬಂದ ಹಾಗೆ ದರ ಏರುತ್ತದೆ, ಗೌರಿ ಹಬ್ಬದ ಹಿಂದಿನ ದಿನದ ಮಲ್ಲಿಗೆಯ ಹಾಗೆ. ಇನ್ನೊಂದು ವಿಚಿತ್ರವೆಂದರೆ ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಟಿಕೆಟ್ಟೇ ಬೇರೆ, ಸೀಟೇ ಬೇರೆ. ಸೀಟು ಕಾದಿರಿಸುವುದು ನಮ್ಮ ಇಷ್ಟ. ಸೀಟ್ ನಂಬರ್ ಇಲ್ಲದ ಟಿಕೆಟ್ ಹಿಡಿದು ರೈಲು ಹತ್ತುವುದಕ್ಕೆ ನಮ್ಮಲ್ಲಿ ಜನರಲ್ ಬೋಗಿ ಎಂದು ಹೆಸರು. ಅಲ್ಲಿ ಸೂಟು ಹಾಕಿದವರೂ ಹಾಗೇ ಹತ್ತುತ್ತಾರಂತೆ.

ಯುರೋಪಿನ ಹೊರಗಿನವರಿಗೆಂದು 1959ರಿಂದ ಇರುವ ಯುರೈಲ್ ಪಾಸಿನ ಲೆಕ್ಕವನ್ನೂ ಹಾಕಿದೆ. 33 ದೇಶಗಳಿಗೆ ಒಂದೇ ಪಾಸು, ಅರವತ್ತು ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯಿತಿ. ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲಿ ಪಾಸು ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು. ದಿನಕ್ಕೊಂದು ಊರು ಓಡುವ ಹುಡುಗರಿಗೆ ಅದು ಸರಿ, ನಮ್ಮಂಥ ಕೆಲವೇ ರೈಲಿನವರಿಗಲ್ಲ.

ವೀಸಾ ಎರಡು. ಇಂಗ್ಲೆಂಡಿಗೆ ಒಂದು, ಉಳಿದ ಮೂರು ದೇಶಕ್ಕೂ ಸೇರಿ ಷೆಂಗೆನ್ನಿನದು ಒಂದು. ಎಲ್ಲಿ ಹೆಚ್ಚು ರಾತ್ರಿ ಮಲಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ಯಾರಿಸ್ ಎರಡು ರಾತ್ರಿ, ಸ್ವಿಟ್ಜರ್ಲೆಂಡ್ ಮೂರು, ಇಟಲಿ ಆರು, ಆದ್ದರಿಂದ ಇಟಲಿ. ಅರ್ಜಿಯ ಜೊತೆ 30,000 ಯೂರೊಗಿಂತ ಕಡಿಮೆಯಿಲ್ಲದ ವಿಮೆ, ಎಲ್ಲೆಲ್ಲಿ ಮಲಗುತ್ತೀರಿ, ಯಾವ ರೈಲಿನಲ್ಲಿ ಹೋಗುತ್ತೀರಿ ಎಂಬ ವಿವರ. ವೀಸಾ ಸಿಗದೆ ಟಿಕೆಟ್ ತೆಗೆಯಲು ಧೈರ್ಯವಿಲ್ಲ, ಪ್ರಯಾಣದ ವಿವರ ಇಲ್ಲದೆ ವೀಸಾ ಇಲ್ಲ. ಈ ಹಗ್ಗದ ಮೇಲೆ ಹದಿನೈದು ದಿನ ನಡೆಯುವಾಗ ಟಿಕೆಟ್ ದರ ಏರುತ್ತಿರುವುದನ್ನು ದಿನಾ ಬೆಳಿಗ್ಗೆ ಕಾಫಿಯ ಜೊತೆ ನೋಡಬೇಕು.

ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಹೊಡೆದು ಬರೆದಿರುವ ಜಾಗ ದರದ್ದೂ ಅಲ್ಲ, ವೀಸಾದ್ದೂ ಅಲ್ಲ. ಒಂದು ರೈಲು ಇಳಿದು ಇನ್ನೊಂದು ಹತ್ತುವ ನಡುವೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಇದರ ಬಗ್ಗೆ ನನಗೂ ಮಗಳಿಗೂ ಎಂದಿಗೂ ಒಮ್ಮತವಾಗಲಿಲ್ಲ. ಅವಳು ಕಲಿತದ್ದು ಇಂಗ್ಲೆಂಡಿನಲ್ಲಿ, ನಾನು ಕಲಿತದ್ದು ಬೀರೂರಿನಲ್ಲಿ.

ನಾವಿದ್ದದ್ದು ಶಿವಮೊಗ್ಗ, ಅಜ್ಜಿಯ ಊರು ಹಾವೇರಿ. ಅಪ್ಪನಿಗೆ ಬಸ್ಸು ಹತ್ತಿದರೆ ವಾಂತಿ. ಆದ್ದರಿಂದ ರಜೆ ಬಂದರೆ ಮೀಟರ್ ಗೇಜ್ ರೈಲಿನಲ್ಲಿ ಬೀರೂರಿಗೆ ಬಂದು, ಅಲ್ಲಿ ಬದಲಿ ಗಾಡಿ ಹಿಡಿಯಬೇಕಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಹೋಲ್ಡಾಲ್ ಬಿಚ್ಚಿ ಹಾಸಿ, ಟ್ರಂಕಿಗೆ ತಲೆ ಕೊಟ್ಟು ಅಪ್ಪ ಮಲಗಿದರೆ, ಅಮ್ಮ ನಿಂಬೆಹಣ್ಣಿನ ಚಿತ್ರಾನ್ನದ ಡಬ್ಬಿ ತೆಗೆಯುತ್ತಿದ್ದಳು. ಮೂರು ಗಂಟೆಯೋ ನಾಲ್ಕು ಗಂಟೆಯೋ. ಅದು ಕಾಯುವುದು ಅಂತ ನಮಗೆ ಅನ್ನಿಸಲೇ ಇಲ್ಲ, ಪ್ರಯಾಣದಲ್ಲಿ ಅದೂ ಒಂದು ಊರು. ನಮ್ಮ ಗಾಡಿ ತಡವಾದರೆ ದೊಡ್ಡ ಗಾಡಿ ನಿಂತು ಕಾದದ್ದೂ ಉಂಟು. ಗಾರ್ಡು ಹಸಿರು ಬಾವುಟ ಸುತ್ತಿಕೊಂಡು, "ಬನ್ನಿ ಬನ್ನಿ, ಮಕ್ಕಳನ್ನ ಮೊದಲು ಹತ್ತಿಸಿ" ಎನ್ನುತ್ತಿದ್ದ.

ಹೀಗೆ ಬೆಳೆದವನ ಮುಂದೆ ಮಗಳು ಇಟ್ಟ ಲೆಕ್ಕ: ಕೂರ್ ಎಂಬ ಸ್ವಿಸ್ ಊರಿನಲ್ಲಿ ಎಂಟು ನಿಮಿಷ.

"ಎಂಟು ನಿಮಿಷದಲ್ಲಿ ನಿನ್ನ ಅಮ್ಮ ಸೀರೆ ನೆರಿಗೆ ಸರಿ ಮಾಡಿಕೊಳ್ಳೋದಿಲ್ಲ" ಎಂದೆ.

"ಅಪ್ಪ, ಅದು ಸ್ವಿಟ್ಜರ್ಲೆಂಡ್."

ಅದು ವಾದವಲ್ಲ, ಆದರೂ ಅವಳು ಹೇಳಿದ್ದು ಸರಿ. ಆ ದೇಶದವರು 1982ರಿಂದ ಇಡೀ ರೈಲು ಜಾಲವನ್ನು ಒಂದು ತಾಳಕ್ಕೆ ಕೂರಿಸಿದ್ದಾರೆ. ದೊಡ್ಡ ಜಂಕ್ಷನ್ನಿಗೆ ಸುತ್ತಲ ಊರಿನ ಗಾಡಿಗಳು ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮೊದಲು ಬಂದು ನಿಲ್ಲುತ್ತವೆ, ಬಾರಿಸಿದ ಸ್ವಲ್ಪ ಹೊತ್ತಿಗೆ ಹೊರಡುತ್ತವೆ. ಬದಲಿ ಗಾಡಿ ಅದೃಷ್ಟಕ್ಕೆ ಸಿಗುವುದಲ್ಲ, ಸಿಗಲೆಂದೇ ವೇಳಾಪಟ್ಟಿ ಹುಟ್ಟಿರುವುದು. ಅಲ್ಲಿ ಮೂರು ನಿಮಿಷ ಹಿಂದೆ ಬಿದ್ದರೆ ಗಾಡಿ ತಡ ಎಂದು ಬರೆದುಕೊಳ್ಳುತ್ತಾರೆ. ಪಕ್ಕದ ಜರ್ಮನಿಯಲ್ಲಿ ಆರು ನಿಮಿಷದ ತನಕ ಸರಿಯಾದ ಸಮಯವೇ! ಸ್ವಿಸ್ ನಿಲ್ದಾಣದ ಗಡಿಯಾರವನ್ನು 1944ರಲ್ಲಿ ಹಾನ್ಸ್ ಹಿಲ್ಫಿಕರ್ ಎಂಬ ರೈಲ್ವೆ ಎಂಜಿನಿಯರ್ ರೂಪಿಸಿದ. ಅದಕ್ಕೆ ಆಮೇಲೆ ಸೇರಿದ ಕೆಂಪು ಸೆಕೆಂಡಿನ ಮುಳ್ಳು ಐವತ್ತೆಂಟೂವರೆ ಸೆಕೆಂಡಿನಲ್ಲೇ ಸುತ್ತು ಮುಗಿಸುತ್ತದೆ. ಹನ್ನೆರಡರ ಮೇಲೆ ಹೋಗಿ ತಡೆದು ನಿಲ್ಲುತ್ತದೆ, ಕೇಂದ್ರ ಗಡಿಯಾರದ ಸನ್ನೆ ಬಂದ ಮೇಲೆ ನಿಮಿಷದ ಮುಳ್ಳು ಹಾರುತ್ತದೆ, ಆಗ ಇದು ಮತ್ತೆ ಹೊರಡುತ್ತದೆ. ಇದನ್ನು ಓದಿದ ಮೇಲೆ ನನಗೆ ಸಮಾಧಾನವಾಯಿತು. ಸ್ವಿಸ್ ಗಡಿಯಾರದಲ್ಲೂ ನಿಮಿಷಕ್ಕೊಂದು ಸಲ ಒಂದೂವರೆ ಸೆಕೆಂಡಿನ ಬೀರೂರು ಇದೆ.

ಕೂರ್‌ನಿಂದ ಇಟಲಿಯ ಗಡಿಯ ತಿರಾನೊಗೆ ಹೋಗುವ ಬರ್ನಿನಾ ದಾರಿ ನನ್ನ ಸ್ವಾರ್ಥ. 55 ಸುರಂಗ, 196 ಸೇತುವೆ, ಹಲ್ಲುಹಳಿಯ ಸಹಾಯವಿಲ್ಲದೆ 2,253 ಮೀಟರ್ ಎತ್ತರಕ್ಕೆ ಏರುತ್ತದೆ. ಹಳಿಯ ಅಗಲ ಒಂದು ಮೀಟರ್, ನನ್ನ ಬೀರೂರಿನ ಗಾಡಿಯದಷ್ಟೇ. ನಮ್ಮಲ್ಲಿ ಅದನ್ನು ಕಿತ್ತು ಬ್ರಾಡ್ ಗೇಜ್ ಮಾಡಿ ಬಹಳ ವರ್ಷವಾಯಿತು. ಅವರದು 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಪ್ರವಾಸಿಗರಿಗೆಂದು ಗಾಜಿನ ಬೋಗಿಯ ರೈಲೊಂದಿದೆ, ಸೀಟಿಗೆ ಬೇರೆ ದುಡ್ಡು. ಅದೇ ಹಳಿಯ ಮೇಲೆ ಊರವರ ಸಾದಾ ಗಾಡಿಯೂ ಹೋಗುತ್ತದೆ. ಅದರಲ್ಲಿ ಕೆಲವು ಕಿಟಕಿ ಇಳಿಸಬಹುದು. ನಮಗೆ ಅದೇ ಇರಲಿ ಎಂದು ಬರೆದಿದ್ದೇನೆ. ಕಿಟಕಿ ತೆಗೆಯಲು ಬಾರದ ರೈಲಿನಲ್ಲಿ ಘಾಟಿ ಹತ್ತುವುದಕ್ಕಿಂತ ಟಿವಿ ನೋಡಬಹುದು.

ಪ್ಯಾರಿಸ್‌ನಿಂದ ನೇರ ಮಿಲಾನ್‌ಗೆ ಹೋಗುವ ರೈಲೂ ಇದೆ. 2023ರ ಆಗಸ್ಟಿನಲ್ಲಿ ಮೊರಿಯೆನ್ ಕಣಿವೆಯಲ್ಲಿ ಬಂಡೆ ಕುಸಿದು ನಿಂತದ್ದು, 2025ರ ಮಾರ್ಚ್ ಕೊನೆಗೆ ಮತ್ತೆ ಓಡಿತು. ಎಡಕುಮೇರಿಯ ಹತ್ತಿರ ಗುಡ್ಡ ಜರಿದಾಗಲೆಲ್ಲ ಮಂಗಳೂರಿನ ಗಾಡಿ ರದ್ದು ಎಂದು ಗೊಣಗುತ್ತಿದ್ದವನು, ಒಂದೂವರೆ ವರ್ಷ ಎಂದು ಓದಿ ಸುಮ್ಮನಾದೆ.

ಲಂಡನ್ನಿನಿಂದ ಬಂದ ಗಾಡಿ ಪ್ಯಾರಿಸಿನ ಉತ್ತರದ ನಿಲ್ದಾಣದಲ್ಲಿ ಇಳಿಸುತ್ತದೆ, ಜ್ಯೂರಿಚ್‌ನ ಗಾಡಿ ಹೊರಡುವುದು ಇನ್ನೊಂದು ನಿಲ್ದಾಣ ಗಾರ್ ದ ಲಿಯೋಂನಿಂದ. ಹಿಂದೆ ಒಂದೊಂದು ಕಂಪನಿ ಒಂದೊಂದು ದಿಕ್ಕಿಗೆ ತನ್ನದೇ ನಿಲ್ದಾಣ ಕಟ್ಟಿಕೊಂಡದ್ದರ ಫಲ. ನಡುವೆ ನೆಲದಡಿಯ ರೈಲಿನಲ್ಲಿ ಎರಡೇ ನಿಲ್ದಾಣ. ಮಗಳು ಒಂದು ಗಂಟೆ ಸಾಕು ಎಂದಳು, ನಾನು ನಾಲ್ಕು ಗಂಟೆ ಎಂದೆ. ಚೌಕಾಸಿ ನಡೆದೂ ನಡೆದೂ ಕೊನೆಗೆ ಅಲ್ಲಿ ಎರಡು ರಾತ್ರಿ ಉಳಿಯುವುದೆಂದು ತೀರ್ಮಾನವಾಯಿತು. ಐಫೆಲ್ ಗೋಪುರ ನಮ್ಮ ಯೋಜನೆಯೊಳಗೆ ಬಂದದ್ದು ಹೀಗೆ.

ಊಟದ ಪಟ್ಟಿ ಹೆಂಡತಿಯದು. ಅಲ್ಲಿ ನಾನು ಕೆಟ್ಟ ಸುದ್ದಿ ತಂದೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಇಂಗ್ಲೆಂಡು ಈಗ ಹೊರಗಿನದೇ. ಅಂದರೆ ತುಪ್ಪ, ಧಾರವಾಡ ಪೇಡೆ ಎರಡೂ ಮಗಳ ಮನೆಯಲ್ಲೇ ನಿಲ್ಲಬೇಕು. ಪ್ಯಾರಿಸ್ ಗಾಡಿಗೆ ಮೊಸರನ್ನವೂ ಇಲ್ಲ. "ಮೊಸರನ್ನಕ್ಕೂ ವೀಸಾನೇ?" ಎಂದಳು. ಅಮ್ಮನ ಹಾಗೆ ನಿಂಬೆಹಣ್ಣಿನ ಚಿತ್ರಾನ್ನವೇ ಗತಿ.

ಇಟಲಿಯಲ್ಲಿ ಮುಷ್ಕರಕ್ಕೂ ವೇಳಾಪಟ್ಟಿ ಇದೆ. ಮೊದಲೇ ದಿನ ಗೊತ್ತುಮಾಡಿ ಸಾರುತ್ತಾರೆ. ಕೆಲಸದ ದಿನ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಸ್ಥಳೀಯ ರೈಲುಗಳನ್ನು ಓಡಿಸಲೇಬೇಕು. ರಾಹುಕಾಲ ಕಳೆದು ಹೊರಡುವವರಿಗೆ ಇದೇನು ಹೊಸದಲ್ಲ.

ಕೊನೆಯ ಗಾಡಿ ರೋಮಿನಿಂದ ಸಿರಾಕ್ಯೂಸ್, ಹತ್ತು ಗಂಟೆಗೂ ಹೆಚ್ಚು. ರಾತ್ರಿಯದೂ ಇದೆ, ಆದರೆ ಹಡಗು ಹತ್ತುವುದು ಬೆಳಕಿನಲ್ಲೇ ಆಗಬೇಕೆಂದು ಅಪ್ಪಣೆಯಾಗಿದೆ. ದಾಟುವ ನೀರು ಅತಿ ಕಿರಿದಾದಲ್ಲಿ ಮೂರು ಕಿಲೋಮೀಟರಿನಷ್ಟು. ಅದಕ್ಕೆ ಒಂದೇ ನೆಗೆತದ 3,300 ಮೀಟರಿನ ತೂಗುಸೇತುವೆ ಕಟ್ಟುವ ಮಾತು ದಶಕಗಳಿಂದ ಇದೆ. 2025ರ ಆಗಸ್ಟಿನಲ್ಲಿ ಸರ್ಕಾರ ಒಪ್ಪಿತು, ಅಕ್ಟೋಬರಿನಲ್ಲಿ ಲೆಕ್ಕಪತ್ರದ ನ್ಯಾಯಾಲಯ ತಡೆಯಿತು. ಸೇತುವೆ ಆಗುವುದರೊಳಗೆ ಹೋಗಿಬರಬೇಕು ಎಂದು ಇವಳು, ಆಗುವುದಿಲ್ಲ ಬಿಡು ಎಂದು ನಾನು. ಮೆಸ್ಸಿನಾದಲ್ಲಿ ಇಳಿದ ಮೇಲೆ ಗಾಡಿ ಎರಡಾಗಿ ಅರ್ಧ ಪಲೇರ್ಮೊಗೆ, ಅರ್ಧ ಸಿರಾಕ್ಯೂಸಿಗೆ. ಬೆಂಗಳೂರಿನ ಗಾಡಿ ಹಿಂದೆ ಮಂಗಳೂರಿನಲ್ಲಿ ಕಾರವಾರಕ್ಕೂ ಕಣ್ಣೂರಿಗೂ ಒಡೆಯುತ್ತಿತ್ತಲ್ಲ, ಹಾಗೆ. ಬೋಗಿ ತಪ್ಪಿದರೆ ಊರು ತಪ್ಪಿತು.

ಟಿಕೆಟ್ ಎಲ್ಲ ಆಗಿದೆ. ಈಗ ಉಳಿದಿರುವ ತಕರಾರು ಒಂದೇ. ರೈಲು ಹಡಗಿನೊಳಗೆ ಇರುವಾಗ ಪ್ರಯಾಣಿಕರು ಬೋಗಿ ಇಳಿದು ಮೇಲಿನ ಡೆಕ್ಕಿಗೆ ಹೋಗಿ ಸಮುದ್ರ ನೋಡಬಹುದು.

"ಇಬ್ಬರೂ ಮೇಲೆ ಹೋದರೆ ಬ್ಯಾಗು ನೋಡೋರು ಯಾರು?" ಎಂದೆ.

"ಹಡಗಿಂದ ಇಳಿದು ಎಲ್ಲಿಗೆ ಹೋಗ್ತಾನೆ ಕಳ್ಳ? ನೀರಿಗೆ ಹಾರ್ತಾನಾ?"

"ನೀನು ಹೋಗಿ ಬಾ. ನಾನು ಕೂತಿರ್ತೀನಿ."

"ಅಷ್ಟಕ್ಕೆ ಅಲ್ಲೀತನಕ ಹೋಗಬೇಕಾ? ಬೀರೂರಿನಲ್ಲೇ ಕೂತಿರಿ."

ನಿನ್ನೆ ಸಂಜೆ ಮೆಜೆಸ್ಟಿಕ್ಕಿಗೆ ಹೋಗಿ ಸೀಟಿನ ಕೆಳಗೆ ಬ್ಯಾಗು ಕಟ್ಟುವ ಸರಪಳಿ, ಎರಡು ಬೀಗ ತಂದೆ. ಮೂರು ಕೀಲಿಕೈ ಕೊಟ್ಟ ಅಂಗಡಿಯವನು ಯಾವ ಊರಿಗೆ ಸಾರ್ ಎಂದು ಕೇಳಿದ. ಹೇಳಿದೆ. ಅವನಿಗೆ ಗೊತ್ತಾಗಲಿಲ್ಲ, ಕಾಶಿಯ ಕಡೆ ಎಂದುಕೊಂಡು, "ಹಾಗಾದರೆ ದಪ್ಪದ್ದೇ ತಗೊಳ್ಳಿ" ಅಂದ.