ಹೆದ್ದಾರಿಯ ಮೃತರ ಲೆಕ್ಕ

ಗುಂಡ್ಲುಪೇಟೆಯನ್ನು ಬಿಟ್ಟು ದಕ್ಷಿಣಕ್ಕೆ ಸಾಗಿದರೆ ಹೊಲಗಳು ಮುಗಿದು ಬಂಡೀಪುರದ ಅರಣ್ಯವು ತೊಡಗುತ್ತದೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಇಲ್ಲಿ ವಾಹನ ಸಂಚಾರಕ್ಕೆ ತಡೆಯುಂಟು. 2009ರಲ್ಲಿ ಬಂದ ಈ ನಿರ್ಬಂಧವನ್ನು ಮರುವರ್ಷ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಸರಕು ಸಾಗಿಸುವವರಿಗೆ ಇದು ಕಷ್ಟವೇ ಸರಿ. ಆದರೆ ಮೋಟಾರಿಗೆ ಸಿಕ್ಕಿ ಸತ್ತ ಮೃಗಗಳನ್ನು ಯಾರೂ ಎಣಿಸದೆ ಇದ್ದಿದ್ದರೆ ಆ ಮೂಕಜೀವಿಗಳ ಪರವಾಗಿ ಹೇಳಲು ಏನಿರುತ್ತಿತ್ತು?

ಇಂತಹ ಎಣಿಕೆ ಹೊಸದಲ್ಲ. 1924ರ ಬೇಸಗೆಯಲ್ಲಿ ಅಮೆರಿಕದ ಅಯೋವಾ ಪ್ರಾಂತದಲ್ಲಿ ಡೇಟನ್ ಸ್ಟೋನರ್ ಎಂಬ ಪ್ರಾಣಿಶಾಸ್ತ್ರಜ್ಞನು ಪತ್ನಿಯೊಡನೆ 632 ಮೈಲಿ ಪ್ರಯಾಣಮಾಡಿ, ದಾರಿಯಲ್ಲಿ 29 ಜಾತಿಗಳ 225 ಮೃತಜೀವಿಗಳನ್ನು ಕಂಡು, ಮರುವರ್ಷ ಆ ಲೆಕ್ಕವನ್ನು ಪ್ರಕಟಿಸಿದನು. ಈಗ ಈ ಕಾರ್ಯವು ಪಂಡಿತರಿಗೆ ಮಾತ್ರ ಮೀಸಲಲ್ಲ. ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಡೇವಿಸ್ ವಿಶ್ವವಿದ್ಯಾನಿಲಯದವರು ಆರಂಭಿಸಿದ ದಾಖಲೆಗೆ ಸಾಮಾನ್ಯ ಜನರೂ ಸ್ವಇಚ್ಛೆಯಿಂದ ವರದಿ ಕಳುಹಿಸತೊಡಗಿದರು. ಪ್ರಾಣಿ ಯಾವುದು, ಸ್ಥಳ ಯಾವುದು, ದಿನ ಯಾವುದು. ಸಾಧ್ಯವಾದರೆ ಒಂದು ಛಾಯಾಚಿತ್ರ. ಒಂದೇ ತಿರುವಿನಲ್ಲಿ ಸಾವು ಮರಳಿ ಮರಳಿ ಕಂಡರೆ, ಬೇಲಿಯನ್ನೋ ರಸ್ತೆಯಡಿಯ ದಾರಿಯನ್ನೋ ಎಲ್ಲಿ ಕಟ್ಟಬೇಕೆಂಬುದು ತಿಳಿಯುತ್ತದೆ. (ಬಂಡೀಪುರದ ಕಾಡಿನೊಳಗೆ ಮಾತ್ರ ಗಾಡಿಯಿಂದ ಇಳಿಯಲು ಅಪ್ಪಣೆಯಿಲ್ಲವೆಂಬುದನ್ನು ವಾಚಕರು ಮರೆಯಬಾರದು.)

ಎಣಿಸುವವರು ಹೊತ್ತಿಗೆ ಮುಂಚೆ ಹೊರಡಬೇಕು. ತಡವಾದರೆ ಕಾಗೆ ನಾಯಿಗಳು ಸಾಕ್ಷ್ಯವನ್ನೇ ಒಯ್ಯುತ್ತವೆ. ಚಿರತೆ ಸತ್ತರೆ ಊರೆಲ್ಲ ಸುದ್ದಿ. ಕಪ್ಪೆಯನ್ನು ಕೇಳುವವರಾರು? ಮಲೆನಾಡಿನಲ್ಲಿ ಮಳೆ ಹಿಡಿದ ರಾತ್ರಿ ರಸ್ತೆ ದಾಟಹೊರಟ ಎಷ್ಟೋ ಕಪ್ಪೆಗಳು ಚಕ್ರದಡಿ ಅಪ್ಪಚ್ಚಿಯಾಗುತ್ತವೆ. ಬೆಳಗಾಗುವಷ್ಟರಲ್ಲಿ ಡಾಂಬರಿನ ಮೇಲೆ ಒಂದು ಕಲೆ ಉಳಿದರೆ ಹೆಚ್ಚು.