ಮತ್ತಿಘಟ್ಟದ ಅಂಗಳದಲ್ಲಿ ಡೇರೆ

ಹೂವಿಗೂ ಕುಲವುಂಟು, ತವರುಂಟು, ವಲಸೆಯುಂಟು. ಕನ್ನಡದ ಪ್ರಾಚೀನ ಕಾವ್ಯಗಳ ವನವರ್ಣನೆಗಳಲ್ಲಿ ಮಲ್ಲಿಗೆ, ಜಾಜಿ, ಸಂಪಿಗೆಗಳು ಮರಳಿ ಮರಳಿ ಬರುತ್ತವೆ, ಡೇರೆಯ ಸುಳಿವಿಲ್ಲ. ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿ, ಅದರಲ್ಲಿ ಬನವಾಸಿಗಾಗಿ ಹಂಬಲಿಸಿದ ಪಂಪನು ಈ ಹೂವನ್ನು ಕಂಡಿರುವ ಸಂಭವವೇ ಇಲ್ಲ. ಅದೇ ಬನವಾಸಿಯನ್ನು ಒಳಗೊಂಡ ಶಿರಸಿ ತಾಲ್ಲೂಕಿನಲ್ಲಿ, ಘಟ್ಟದಂಚಿನ ಮತ್ತಿಘಟ್ಟದಂತಹ ಊರುಗಳಲ್ಲಿ, ಇಂದು ಮಳೆಗಾಲದ ಅಂಗಳಕ್ಕೆ ಡೇರೆಯೇ ಶೋಭೆ.

ಡೇರೆಯ ತವರು ಮೆಕ್ಸಿಕೋ ದೇಶದ ಬೆಟ್ಟಸೀಮೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದು ಸ್ಪೇನಿನ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನವನ್ನು ಸೇರಿತು. ಅಲ್ಲಿನ ಸಸ್ಯಶಾಸ್ತ್ರಜ್ಞ ಕವನಿಯೆಸ್ 1791ರಲ್ಲಿ, ಸ್ವೀಡನ್ ದೇಶದ ಆಂಡರ್ಸ್ ಡಾಲ್ ಎಂಬ ವಿದ್ವಾಂಸನ ಸ್ಮರಣೆಗಾಗಿ ಅದನ್ನು ಡೇಲಿಯಾ ಎಂದು ಕರೆದನು. ಮೆಕ್ಸಿಕೋ 1963ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಸಾರಿತು. ಮಲೆನಾಡಿನ ಗೃಹಿಣಿಯರ ನಾಲಗೆಯಲ್ಲಿ ಡೇಲಿಯಾ ಡೇರೆಯಾಯಿತು. ಬೀಡು ಬಿಡಲು ಹೂಡುವ ಗುಡಾರಕ್ಕೂ ಕನ್ನಡದಲ್ಲಿ ಡೇರೆಯೆಂದೇ ಹೆಸರು. ಎರಡು ಪದಗಳಿಗೂ ಮೂಲದಲ್ಲಿ ಸಂಬಂಧವಿಲ್ಲದಿದ್ದರೂ ಹೋಲಿಕೆ ಒಪ್ಪುವಂತಿದೆ: ಮಳೆಯೊಡನೆ ಬಂದು, ನಾಲ್ಕಾರು ತಿಂಗಳು ಅಂಗಳದಲ್ಲಿ ಬೀಡುಬಿಟ್ಟು, ಚಳಿಗಾಲಕ್ಕೆ ಗಂಟುಕಟ್ಟಿ ಮಣ್ಣಿನೊಳಗೆ ಮರೆಯಾಗುವ ಅತಿಥಿ ಅದು.

ಸೇವಂತಿಗೆ, ಸೂರ್ಯಕಾಂತಿ, ಗೊಂಡೆಗಳ ಕುಟುಂಬಕ್ಕೇ ಡೇರೆಯೂ ಸೇರಿದೆ. ಕಣ್ಣಿಗೆ ಒಂದೇ ಹೂವೆಂದು ತೋರುವುದು ವಸ್ತುತಃ ಒಂದು ಪೀಠದ ಮೇಲೆ ಕೂಡಿ ಕುಳಿತ ಅಸಂಖ್ಯ ಕಿರುಹೂಗಳ ಸಮುದಾಯ. ಎಸಳೆಂದು ಎಣಿಸುವ ಒಂದೊಂದೂ ಒಂದೊಂದು ಹೂವೇ. ಬಿಳಿ, ಹಳದಿ, ಕಿತ್ತಳೆ, ಗುಲಾಬಿ, ಕಡುಗೆಂಪು, ಎರಡು ಬಣ್ಣಗಳ ಮಿಶ್ರಣ, ಹೀಗೆ ಅದಕ್ಕಿಲ್ಲದ ವರ್ಣವಿಲ್ಲ ಎನ್ನುವಷ್ಟು ವೈವಿಧ್ಯ. ಅಚ್ಚ ನೀಲಿಯೊಂದು ಮಾತ್ರ ಈವರೆಗೆ ಅದಕ್ಕೆ ಒಲಿದಿಲ್ಲ.

ಇಂತಹ ಹೂವನ್ನು ಬೆಳೆಯುವುದು ಸುಲಭಸಾಧ್ಯವೆಂದು ಯಾರೂ ಭಾವಿಸಬಾರದು. ಶಿರಸಿಯ ಸೀಮೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಡೇರೆಗಾದರೋ ತೇವ ಬೇಕು, ನಿಂತ ನೀರು ಬೇಡ. ಈ ವಿರೋಧವನ್ನು ಪರಿಹರಿಸುವುದರಲ್ಲಿಯೇ ಬೆಳೆಯುವವರ ಜಾಣ್ಮೆಯಿದೆ. ಮೃಗಶಿರಾ ಮಳೆಗೆ ಮುಂಚೆಯೇ ಕೆಮ್ಮಣ್ಣಿಗೆ ಮರಳನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ, ತಳಕ್ಕೆ ತೂತು ಕೊರೆದ ಕುಂಡಗಳಲ್ಲಿಯೋ ಹಳೆಯ ಚೀಲಗಳಲ್ಲಿಯೋ ತುಂಬುತ್ತಾರೆ. ಸೂರಿನ ನೀರು ನೇರವಾಗಿ ಬೀಳದಂತೆ, ಬೆಳಕು ಮಾತ್ರ ತಪ್ಪದಂತೆ ಅವುಗಳನ್ನು ಸಾಲಾಗಿ ಇಡುತ್ತಾರೆ. ಟೊಳ್ಳು ಕಾಂಡದ ಗಿಡವಾದುದರಿಂದ ಗಾಳಿಗೆ ಮುರಿಯದಂತೆ ಅಡಿಕೆ ದಬ್ಬೆಯ ಊರೆಗೋಲು ಬೇಕು. ಅದನ್ನು ಗಡ್ಡೆ ನೆಡುವಾಗಲೇ ಊರುವುದು ವಿವೇಕ; ತಡಮಾಡಿ ಊರಿದರೆ ಕೋಲಿನ ಮೊನೆ ಗಡ್ಡೆಯನ್ನೇ ಇರಿದೀತು. ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ ತುದಿಯನ್ನು ಚಿವುಟಿದರೆ ಗಿಡ ಕವಲೊಡೆಯುತ್ತದೆ. ದೊಡ್ಡ ಹೂ ಬೇಕೆಂದರೆ ನಡುವಿನ ಮೊಗ್ಗನ್ನು ಉಳಿಸಿ ಪಕ್ಕದವುಗಳನ್ನು ತೆಗೆಯಬೇಕು. ಗೊಬ್ಬರ ಅತಿಯಾದರೆ ಎಲೆ ಸೊಕ್ಕುತ್ತದೆ, ಹೂ ಬಡವಾಗುತ್ತದೆ. ಎಳೆಯ ಚಿಗುರನ್ನು ಇರುಳಿನಲ್ಲಿ ಬಸವನಹುಳು ಮೇಯದಂತೆ ದೀಪ ಹಿಡಿದು ಹೆಕ್ಕುವ ಕೆಲಸವೂ ಉಂಟು. ಈ ಸೇವೆಯೆಲ್ಲ ಸಂದ ಮೇಲೆ, ಚೌತಿಯ ಹೊತ್ತಿಗೆ ಅಂಗಳದ ತುಂಬ ಬಣ್ಣ.

ಆದರೆ ಡೇರೆಯ ನಿಜವಾದ ಪರೀಕ್ಷೆ ಇರುವುದು ಹೂ ಮುಗಿದ ಮೇಲೆ. ಅದರ ಬೀಜ ಬಿತ್ತಿದರೆ ತಾಯಿಯ ಬಣ್ಣವೇ ಮಗುವಿಗೆ ಬರುವುದೆಂಬ ಭರವಸೆಯಿಲ್ಲ. ಸಾಮಾನ್ಯ ಸಸ್ಯಗಳ ಕೋಶದಲ್ಲಿ ವರ್ಣತಂತುಗಳ ಎರಡು ಜೊತೆಗಳಿದ್ದರೆ ತೋಟದ ಡೇರೆಯಲ್ಲಿ ಎಂಟಿವೆ. ಆದಕಾರಣ ಬೀಜದ ಸಂತಾನ ಹೇಗಾದರೂ ಹುಟ್ಟಬಹುದು. ಮೆಚ್ಚಿದ ಬಣ್ಣವನ್ನು ಉಳಿಸಿಕೊಳ್ಳುವುದಕ್ಕೆ ಗಡ್ಡೆ ಇಲ್ಲವೇ ಚಿಗುರಿನ ತುಂಡೇ ಗತಿ. ಕಾಂಡ ಒಣಗಿದ ಬಳಿಕ ಗೇಣುದ್ದ ಬಿಟ್ಟು ಕತ್ತರಿಸಿ, ಗಡ್ಡೆಯನ್ನು ನೋಯದಂತೆ ಅಗೆದು, ನೆರಳಿನಲ್ಲಿ ಆರಿಸಿ, ಒಣಮಣ್ಣು ಮರಳುಗಳಲ್ಲಿ ಹೂತಿಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಮೊಳಕೆಯ ಕಣ್ಣಿರುವುದು ಗಡ್ಡೆಯ ಮೈಯಲ್ಲಲ್ಲ, ಅದು ಹಳೆಯ ಕಾಂಡವನ್ನು ಕೂಡುವ ಕೊರಳಿನಲ್ಲಿ. ಕೊರಳು ಮುರಿದ ಗಡ್ಡೆ ಎಷ್ಟೇ ಪುಷ್ಟವಾಗಿದ್ದರೂ ಚಿಗುರದು; ಕೊರಳುಳ್ಳ ಬಡಕಲು ಗಡ್ಡೆ ಚಿಗುರೀತು. ಹಿಂದಿನದರೊಡನೆ ನಂಟು ಉಳಿಸಿಕೊಂಡುದಕ್ಕೇ ಮುಂದಿನ ಬಾಳು.

ಹೀಗಿರುವುದರಿಂದ ಒಂದು ಬಣ್ಣದ ಆಯುಸ್ಸು ಅದನ್ನು ಕಾಪಿಡುವ ಕೈಗಳ ಆಯುಸ್ಸಿಗೆ ಕಟ್ಟುಬಿದ್ದಿದೆ. ಒಂದು ಮಳೆಗಾಲ ಗಡ್ಡೆ ಕೊಳೆತರೆ, ಒಂದು ಬೇಸಗೆ ಇಟ್ಟ ಜಾಗ ಮರೆತರೆ, ಆ ಬಣ್ಣ ಆ ಮನೆಯಿಂದ ಶಾಶ್ವತವಾಗಿ ಮಾಯವಾಗುತ್ತದೆ. ಮಲೆನಾಡಿನ ಸ್ತ್ರೀಯರು ಇದಕ್ಕೆ ಕಂಡುಕೊಂಡ ಉಪಾಯ ದಾನ. ಹೂ ನೋಡಲು ಬಂದ ನೆಂಟರಾಕೆ “ಅತ್ತಿಗೆ, ಈ ಬಣ್ಣದ್ದೊಂದು ಗಡ್ಡೆ ನನಗೂ ತೆಗೆದಿಡಿ” ಎಂದರೆ ಇಲ್ಲವೆನ್ನುವವರು ವಿರಳ. ಕೊಟ್ಟ ಮನೆಯಲ್ಲಿ ಗಡ್ಡೆ ಕೊಳೆತ ವರ್ಷ, ಪಡೆದ ಮನೆಯಿಂದ ಅದು ಮರಳಿ ಬರುತ್ತದೆ. ಬಚ್ಚಿಟ್ಟ ಬಣ್ಣ ಅಳಿಯುತ್ತದೆ, ಹಂಚಿದ ಬಣ್ಣ ಉಳಿಯುತ್ತದೆ. ಮಲೆನಾಡಿನ ಮನೆತೋಟಗಳ ಬೀಜ ಗಡ್ಡೆಗಳನ್ನು ಉಳಿಸಲು 2001ರಲ್ಲಿ ಶಿರಸಿಯಲ್ಲಿ ಆರಂಭವಾದ ‘ವನಸ್ತ್ರೀ’ ಸಂಘಟನೆಯೂ, ಅದು ನಡೆಸುತ್ತ ಬಂದ ಮಲೆನಾಡ ಮೇಳವೂ ಈ ಹಳೆಯ ಕೊಡುಕೊಳ್ಳುವಿಕೆಯನ್ನೇ ಆಧಾರವಾಗಿ ಉಳ್ಳವು.

ಇಂದು ಘಟ್ಟದ ಊರುಗಳ ಅನೇಕ ಮನೆಗಳಲ್ಲಿ ಉಳಿದಿರುವವರು ವೃದ್ಧರಿಬ್ಬರೇ. ಮಕ್ಕಳು ಬೆಂಗಳೂರಿನಲ್ಲಿಯೋ ಇನ್ನೂ ದೂರದಲ್ಲಿಯೋ ನೆಲೆಸಿದ್ದಾರೆ. ಬಾಗಿದ ಬೆನ್ನು ಕುಂಡಗಳನ್ನು ಎತ್ತಲಾರದು. ಮಳೆಗಾಲದಿಂದ ಮಳೆಗಾಲಕ್ಕೆ ಸಾಲಿನ ಉದ್ದ ಕುಗ್ಗುತ್ತದೆ. ಅಡಿಕೆ ತೋಟಕ್ಕೆ ಆಳು ಸಿಗಬಹುದು. ಯಾವ ಗಡ್ಡೆ ಯಾವ ಬಣ್ಣದ್ದೆಂಬ ನೆನಪಿಗೆ ಆಳು ಸಿಗುವುದಿಲ್ಲ. ಆದುದರಿಂದ ರಜೆಗೆ ಊರಿಗೆ ಬಂದ ಮಕ್ಕಳು ಹೂವಿನ ಚಿತ್ರ ತೆಗೆದುಕೊಂಡು ಹೋದರೆ ಸಾಲದು. ಕಣ್ಣಿರುವ ಕೊರಳು ಯಾವುದೆಂದು ಕೇಳಿ ತಿಳಿದು, ಹೆಸರಿನ ಚೀಟಿ ಕಟ್ಟಿ, ಒಂದೆರಡು ಗಡ್ಡೆಗಳನ್ನು ಕೊಂಡೊಯ್ಯಲಿ, ನೆಲೆಸಿದಲ್ಲಿಯೇ ನೆಡಲಿ. ಅಲ್ಲಿ ಅರಳಿದಾಗ ನೆರೆಮನೆಯವರು ಕೇಳಿಯೇ ಕೇಳುತ್ತಾರೆ. ಆಗ ಇಲ್ಲವೆನ್ನದಿರಲಿ.