ತಾನಾಗಿ ತೆಗೆಯುವ ಪಟ

ಪಟ ತೆಗೆಯುವುದು ಒಂದು ಕಾಲದಲ್ಲಿ ವಿದ್ಯೆಯೆನಿಸಿಕೊಂಡಿದ್ದಿತು. ಈಗ ಅದು ಹಲ್ಲುಜ್ಜುವಂತೆ ನಿತ್ಯದ ಅಭ್ಯಾಸವಾಗಿ ಹೋಗಿದೆ. ಹಿಂದಿನವರು ಒಂದೇ ಒಂದು ಪಟಕ್ಕಾಗಿ ಪೇಟೆಯವರೆಗೆ ಹೋಗಿ, ತೋಟವನ್ನೋ ಸರೋವರವನ್ನೋ ಬರೆದ ಪರದೆಯ ಮುಂದೆ ಕುಳಿತು, ಕರಿಯ ಬಟ್ಟೆಯೊಳಗೆ ತಲೆಯನ್ನು ಮರೆಸಿಕೊಂಡವನು “ಅಲುಗಬೇಡಿ” ಎಂದೊಡನೆ ಉಸಿರನ್ನು ಬಿಗಿಹಿಡಿಯುತ್ತಿದ್ದರು. ಅನೇಕ ಮನೆಗಳ ಗೋಡೆಯ ಮೇಲಿರುವ ಹಿರಿಯರೆಲ್ಲರೂ ಕೋಪಿಷ್ಠರಂತೆ ಕಾಣುವುದಕ್ಕೆ ಅವರ ಸ್ವಭಾವವಲ್ಲ, ಆ ಉಸಿರೇ ಕಾರಣವೆಂದು ನಮ್ಮ ಊಹೆ. ಈಗ ಹಾಲುಗಲ್ಲದ ಮಗುವೂ ಗುಂಡಿಯನ್ನೊತ್ತಿ ಪಟ ತೆಗೆಯುತ್ತದೆ. ಇದನ್ನು ದೂರುವುದಕ್ಕಾಗಿ ನಾವು ಲೇಖನಿಯನ್ನು ಹಿಡಿದಿಲ್ಲ. ಆ ಗುಂಡಿಯ ಹಿಂದೆ ಕುಳಿತು ನಮ್ಮ ಪರವಾಗಿ ತೀರ್ಮಾನಗಳನ್ನು ಮಾಡುವ ಯಂತ್ರವು ಹೇಗೆ ಯೋಚಿಸುತ್ತದೆ, ಎಲ್ಲಿ ಅದರ ಮಾತನ್ನು ಕೇಳಬೇಕು, ಎಲ್ಲಿ ಕೇಳಬಾರದು ಎಂಬ ವಿಷಯದಲ್ಲಿ ನಮಗೆ ತಿಳಿದುಬಂದ ನಾಲ್ಕು ಮಾತುಗಳನ್ನು ಗೃಹಸ್ಥರಾದ ವಾಚಕರೊಡನೆ ಹಂಚಿಕೊಳ್ಳಬೇಕೆಂದು ಬಯಸಿದ್ದೇವೆ.

ಉಪಾಧ್ಯಾಯ ವೃತ್ತಿಯಿಂದ ನಾವು ನಿವೃತ್ತರಾದ ದಿನ ಹಳೆಯ ಶಿಷ್ಯರು ಕೆಲವರು ಕೂಡಿ ಒಂದು ಸಣ್ಣ ಡಿಜಿಟಲ್ ಕ್ಯಾಮರಾವನ್ನು ಕೊಟ್ಟರು. ಸಂಸ್ಕೃತದ ಮೇಷ್ಟರಿಗೆ ಶಾಲು, ಹಣ್ಣು, ತೆಂಗಿನಕಾಯಿ ವಾಡಿಕೆ. ಇದೇನು ಹೊಸ ಸಂಪ್ರದಾಯವೆಂದು ಮನೆಯಾಕೆ ನಕ್ಕರು. ಅದರೊಡನೆ ಬಂದ ಕೈಪಿಡಿ ಸೂತ್ರಪ್ರಾಯವಾಗಿದ್ದಿತು, ಭಾಷ್ಯವಿರಲಿಲ್ಲ. ಕ್ಯಾಮರಾದ ತಲೆಯ ಮೇಲೆ ತಿರುಗುವ ಬಿಲ್ಲೆಯೊಂದುಂಟು. ಅದರಲ್ಲಿ ಹಸಿರು ಬಣ್ಣದಲ್ಲಿ ಬರೆದ ಗುರುತಿಗೆ ‘ಆಟೋ’ ಎಂದು ಹೆಸರು. ಬಿಲ್ಲೆಯನ್ನು ಅಲ್ಲಿಗೆ ತಂದು ನಿಲ್ಲಿಸಿದರೆ ಮಿಕ್ಕುದೆಲ್ಲವೂ ಯಂತ್ರದ ಪಾಲು.

ಮಿಕ್ಕುದೆಂದರೆ ಏನು? ಪಟವೆಂಬುದು ಮುಖ್ಯವಾಗಿ ಬೆಳಕಿನ ಲೆಕ್ಕ. ನಲ್ಲಿಯ ಕೆಳಗೆ ಬಿಂದಿಗೆಯನ್ನು ಇಟ್ಟಂತೆ ಎಂದು ತಿಳಿಯಿರಿ. ನಲ್ಲಿಯನ್ನು ದೊಡ್ಡದಾಗಿ ತಿರುಗಿಸಿದರೆ ಬೇಗ ತುಂಬುತ್ತದೆ. ಸಣ್ಣದಾಗಿ ಬಿಟ್ಟರೆ ಹೆಚ್ಚು ಹೊತ್ತು ಕಾಯಬೇಕು. ಬಿಂದಿಗೆಯೇ ಚಿಕ್ಕದಾದರೆ ಸ್ವಲ್ಪ ನೀರೇ ಸಾಕು. ಮಸೂರದ ಹಿಂದಿನ ಕಿಂಡಿಯ ಅಗಲವೇ ನಲ್ಲಿಯ ತಿರುವು. ಇದನ್ನು 2.8, 4, 5.6, 8 ಎಂಬ ಅಂಕಿಗಳಿಂದ ಗುರುತಿಸುತ್ತಾರೆ. ಇವು ಭಿನ್ನರಾಶಿಯ ಛೇದಗಳಾದುದರಿಂದ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು, ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧ. ಕಿಂಡಿ ತೆರೆದಿರುವ ಹೊತ್ತು ಎರಡನೆಯದು; ಬಿಸಿಲಿನಲ್ಲಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕಾದೀತು, ಸಂಜೆಯ ಹಜಾರದಲ್ಲಿ ಹದಿನೈದರಲ್ಲೊಂದು ಪಾಲಾದರೂ ಬೇಕಾದೀತು. ಬಿಂದಿಗೆಯ ಗಾತ್ರವೆಂದುದು ಐಎಸ್‌ಒ ಎಂಬ ಮೂರನೆಯ ಅಂಕಿ: 100, 200, 400 ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ಅದು 3200 ಮುಟ್ಟಿದಾಗ ಸಣ್ಣ ಕ್ಯಾಮರಾಗಳ ಪಟದಲ್ಲಿ ರವೆಯನ್ನು ಎರಚಿದಂತೆ ಚುಕ್ಕೆಗಳೇಳುತ್ತವೆ. ಈ ಮೂರನ್ನು ಹೊಂದಿಸುವುದಲ್ಲದೆ, ಯಾವ ದೂರದ ವಸ್ತು ಸ್ಫುಟವಾಗಿರಬೇಕು, ಬಿಳಿಯ ಬಣ್ಣವೆಂದರೆ ಯಾವುದು, ಮಿಂಚುದೀಪವು ಹೊತ್ತಬೇಕೆ ಬೇಡವೆ ಎಂಬಿವನ್ನೂ ಆ ಹಸಿರು ಗುರುತು ಕಣ್ಣುಮಿಟುಕಿಸುವುದರೊಳಗಾಗಿ ನಿಶ್ಚಯಿಸಿಬಿಡುತ್ತದೆ. ಲೆಕ್ಕದ ಮೇಷ್ಟರಾಗಿದ್ದ ನಮ್ಮ ಮಿತ್ರರೊಬ್ಬರಿಗೆ ಇದನ್ನು ಹೇಳಿದಾಗ ಅವರು ಕ್ಯಾಮರಾಕ್ಕೆ ಕೈಮುಗಿದರು.

ಈ ಬುದ್ಧಿ ಯಂತ್ರಕ್ಕೆ ಒಂದೇ ದಿನದಲ್ಲಿ ಬಂದುದಲ್ಲ. ಜಾರ್ಜ್ ಈಸ್ಟ್‌ಮನ್ನನು 1888ರಲ್ಲಿ ಮಾರಾಟಕ್ಕೆ ತಂದ ಕೊಡ್ಯಾಕ್ ಪೆಟ್ಟಿಗೆಯಲ್ಲಿ ನೂರು ಪಟಗಳ ಸುರುಳಿಯಿರುತ್ತಿದ್ದಿತು. ಕೊಂಡವನು ಗುಂಡಿಯನ್ನೊತ್ತುವುದು, ಮುಗಿದಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸುವುದು, ಮಿಕ್ಕುದನ್ನು ಅವರು ನೋಡಿಕೊಳ್ಳುವುದು ಎಂದು ಏರ್ಪಾಡು. ಬೆಳಕನ್ನು ತಾನೇ ಅಳೆದು ಕಿಂಡಿಯನ್ನು ಹೊಂದಿಸಿಕೊಳ್ಳುವ ಕ್ಯಾಮರಾ 1938ರಲ್ಲಿ ಬಂದಿತು. ದೂರವನ್ನು ತಾನೇ ಕಂಡುಕೊಳ್ಳುವುದು ಅಂಗಡಿಗಳಲ್ಲಿ ದೊರೆತದ್ದು 1977ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, 1975ರಲ್ಲಿ, ಕೊಡ್ಯಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಫಿಲ್ಮಿಲ್ಲದ ಕ್ಯಾಮರಾವೊಂದನ್ನು ಜೋಡಿಸಿದ್ದನು. ಅದರ ತೂಕ ಮೂರೂವರೆ ಕಿಲೋಗ್ರಾಮಿಗೂ ಮೇಲೆ. ಒಂದು ಪಟವನ್ನು ಕ್ಯಾಸೆಟ್ಟಿನ ಮೇಲೆ ಬರೆದುಕೊಳ್ಳಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿದ್ದಿತು. ಆ ಪಟದಲ್ಲಿದ್ದ ಚುಕ್ಕೆಗಳು ಹತ್ತುಸಾವಿರ ಮಾತ್ರ. ಇಂದು ಎಂಟು ಅಂಗುಲಕ್ಕೆ ಹತ್ತು ಅಂಗುಲದ ಪಟವನ್ನು ಚೆನ್ನಾಗಿ ಅಚ್ಚುಮಾಡಿಸಬೇಕಾದರೆ ಎಪ್ಪತ್ತು ಲಕ್ಷ ಚುಕ್ಕೆಗಳಿರಲಿ ಎನ್ನುತ್ತಾರೆ. ಸಾಧಾರಣ ಕ್ಯಾಮರಾಗಳಲ್ಲಿ ಅದರ ಎರಡು ಮೂರು ಪಾಲು ಇರುತ್ತವೆ.

ವ್ಯಾಕರಣಶಾಸ್ತ್ರದಲ್ಲಿ ಉತ್ಸರ್ಗವೆಂದೂ ಅಪವಾದವೆಂದೂ ಎರಡು ಬಗೆಯ ವಿಧಿಗಳುಂಟು. ಉತ್ಸರ್ಗವು ಸಾಮಾನ್ಯ ನಿಯಮ. ವಿಶೇಷ ಸಂದರ್ಭದಲ್ಲಿ ಅಪವಾದವು ಬಂದು ಅದನ್ನು ಬಾಧಿಸುತ್ತದೆ. ಅಪವಾದವಿದೆಯೆಂದು ಉತ್ಸರ್ಗವನ್ನು ಯಾರೂ ಕೀಳೆನ್ನುವುದಿಲ್ಲ. ಭಾಷೆಯ ಬಹುಭಾಗ ನಡೆಯುವುದು ಅದರಿಂದಲೇ. ಹಸಿರು ಗುರುತು ಹೀಗೆಯೇ ಒಂದು ಉತ್ಸರ್ಗ. ಬೆಳಗಿನ ಹೊತ್ತು ಅಂಗಳದಲ್ಲಿ ಆಡುವ ಮಕ್ಕಳು, ಮದುವೆಯ ಚಪ್ಪರದಲ್ಲಿ ಸಾಲಾಗಿ ನಿಂತ ಬೀಗರು, ರೈಲುನಿಲ್ದಾಣದಲ್ಲಿ ಕೈಬೀಸುವ ಮಗಳು: ಇವುಗಳ ಮುಂದೆ ನಿಂತು ಅಂಕಿಗಳನ್ನು ಎಣಿಸುವವನು ಪಟವನ್ನೂ ಕಳೆದುಕೊಳ್ಳುತ್ತಾನೆ, ರೈಲನ್ನೂ ನೋಡುವುದಿಲ್ಲ. ಅಂಥಲ್ಲಿ ಯಂತ್ರಕ್ಕೆ ಬಿಡುವುದೇ ಲೇಸು. ಗುಂಡಿಯನ್ನು ಮೊದಲು ಅರ್ಧದಷ್ಟು ಒತ್ತಿ, ಮುಖದ ಮೇಲೆ ಚೌಕಟ್ಟು ಹಸಿರಾದುದನ್ನು ಕಂಡು, ಆಮೇಲೆ ಪೂರ್ತಿ ಒತ್ತಿದರೆ ಸಾಕು. ಈ ಅರ್ಧ ಒತ್ತುವುದನ್ನು ತಿಳಿಯದವರೇ ಬಹಳ. ಕತ್ತಲೆಯಲ್ಲಿ ಹಾಗೆ ಒತ್ತಿದಾಗ ಕೆಲವು ಕ್ಯಾಮರಾಗಳಿಂದ ಕಿತ್ತಳೆ ಬಣ್ಣದ ಸಣ್ಣ ಬೆಳಕೊಂದು ಹೊರಟು ಎದುರಿನ ವಸ್ತುವಿನ ಮೇಲೆ ಬೀಳುತ್ತದೆ. ಕಣ್ಣಿನ ಕಿರಣವು ಹೊರಟುಹೋಗಿ ವಿಷಯವನ್ನು ಮುಟ್ಟುವುದೆಂದು ನೈಯಾಯಿಕರು ವಾದಿಸಿದುದೂ, ಬೌದ್ಧರು ಅದನ್ನು ಒಪ್ಪದೆ ಹೋದುದೂ ನಮಗೆ ನೆನಪಿಗೆ ಬಂದು, ನೈಯಾಯಿಕರಿಗೆ ಇಷ್ಟು ಕಾಲದ ಮೇಲೆ ಒಬ್ಬ ಸಾಕ್ಷಿ ದೊರೆತನಲ್ಲಾ ಎಂದು ನಗು ಬಂದಿತು.

ಇನ್ನು ಅಪವಾದಗಳು. ಯಂತ್ರವು ತನ್ನೆದುರಿಗಿರುವುದು ಇಂಥ ವಸ್ತುವೆಂದು ತಿಳಿದು ಬೆಳಕನ್ನು ಅಳೆಯುವುದಿಲ್ಲ. ಲೋಕವೆಲ್ಲ ಸರಾಸರಿಯಾಗಿ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಕ್ಕೆ ಕಳುಹಿಸುವಂಥದು ಎಂಬುದು ಅದರ ಮೂಲ ಶ್ರದ್ಧೆ. ಹೊಸ ಕ್ಯಾಮರಾಗಳು ಮುಖವನ್ನು ಗುರುತಿಸುತ್ತವೆ, ಚೌಕಟ್ಟನ್ನು ಹಲವು ಭಾಗಗಳಾಗಿ ನೋಡುತ್ತವೆ; ಆದರೂ ಆ ಶ್ರದ್ಧೆ ಪೂರ್ತಿ ಬಿಟ್ಟುಹೋಗಿಲ್ಲ. ಆದಕಾರಣ ಚೌಕಟ್ಟಿನ ತುಂಬ ಬಿಳಿಯ ಪಂಚೆ, ಸುಣ್ಣದ ಗೋಡೆಗಳಿದ್ದರೆ ‘ಇದು ವಿಪರೀತ ಬೆಳಕು’ ಎಂದು ಬಗೆದು ಅವನ್ನು ಮಾಸಲು ಮಾಡುತ್ತದೆ. ಕಪ್ಪು ವಸ್ತುವಿನ ವಿಷಯದಲ್ಲಿ ಇದಕ್ಕೆ ವಿಪರ್ಯಾಸ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ನಾವು ಹೋಗಿದ್ದಾಗ ಅದನ್ನು ಚೆನ್ನಾಗಿ ಕಂಡೆವು. ನೆರಳಿನ ಮಗ್ಗುಲಿನ ಬಳಪದ ಕಲ್ಲು ಕಪ್ಪುಹಸಿರು. ಪಟದಲ್ಲಾದರೋ ಬೂದಿ ಬಳಿದಂತೆ ತಿಳಿಯಾಗಿ, ಕೊರಳ ಹಾರದ ಒಂದೊಂದು ಮಣಿಯ ಹಿಂದೆಯೂ ಇರುವ ಆಳವಾದ ಕಪ್ಪು ಹಾರಿಹೋಗಿದ್ದಿತು. ಬಿಲ್ಲೆಯನ್ನು ಹಸಿರಿನಿಂದ ‘ಪಿ’ ಎಂಬ ಅಕ್ಷರಕ್ಕೆ ತಿರುಗಿಸಿ, ಕೂಡುವ ಕಳೆಯುವ ಚಿಹ್ನೆಗಳೆರಡನ್ನೂ ಬರೆದಿರುವ ಗುಂಡಿಯನ್ನೊತ್ತಿ, ಒಂದು ಮೆಟ್ಟಿಲು ಕಳೆದುದೇ ತಡ, ಕಲ್ಲು ಕಲ್ಲಾಯಿತು. ಬಿಳಿಗೆ ಕೂಡಿಸಬೇಕು, ಕಪ್ಪಿಗೆ ಕಳೆಯಬೇಕು. ಬುದ್ಧಿಗೆ ತೋರುವುದಕ್ಕೆ ಇದು ತಿರುಗುಮುರುಗಾದರೂ ನಿಜ. ಅನ್ನ ಬೆಂದಿದೆಯೆ ಎಂದು ಒಂದೇ ಅಗುಳನ್ನು ಹಿಸುಕಿ ನೋಡುವ ಸ್ಥಾಲೀಪುಲಾಕ ನ್ಯಾಯದಂತೆ, ನಡುವಿನ ಒಂದು ಬಿಂದುವನ್ನು ಮಾತ್ರ ಅಳೆಯೆಂದು ಯಂತ್ರಕ್ಕೆ ಹೇಳುವ ಉಪಾಯವೂ ಉಂಟು. ಆದರೆ ಯಾವ ಅಗುಳನ್ನು ಹಿಸುಕಬೇಕೆಂಬುದನ್ನು ಬಲ್ಲವರಿಗೆ ಅದು.

ಮಿಂಚುದೀಪದ ವಿಷಯದಲ್ಲಿ ನಮಗೆ ಸಹನೆ ಕಡಮೆ. ಭಾನುವಾರದ ಸಂಜೆ ಮೈಸೂರಿನ ಅರಮನೆಯ ಮುಂದೆ ನಿಂತು ನೋಡಿ. ಲಕ್ಷಕ್ಕೆ ಸಮೀಪವಾದ ದೀಪಗಳು ಒಮ್ಮೆಲೇ ಹೊತ್ತಿದಾಗ ಜನಸಮೂಹದಿಂದ ಸಣ್ಣ ಮಿಂಚುಗಳೂ ಏಳುತ್ತವೆ. ಸಣ್ಣ ಕ್ಯಾಮರಾದ ಮಿಂಚು ಮೂರು ನಾಲ್ಕು ಮೀಟರಿನಾಚೆಗೆ ಹೋಗಿ ಏನನ್ನೂ ಬೆಳಗಲಾರದು. ಫಲವಾಗಿ ಮುಂದೆ ನಿಂತವರ ತಲೆಯ ಹಿಂಭಾಗಗಳು ಬೆಳ್ಳಗೆ ಬೆಳಗುತ್ತವೆ. ಅರಮನೆ ಹಿಂದೆ ಮಂಕಾಗಿರುತ್ತದೆ. ಮಿಂಚನ್ನು ಆರಿಸಿ, ಕ್ಯಾಮರಾವನ್ನು ಕಟ್ಟೆಯ ಮೇಲಿಟ್ಟು, ಎರಡು ಸೆಕೆಂಡು ತಡೆದು ತಾನಾಗಿ ತೆಗೆದುಕೊಳ್ಳುವಂತೆ ಹೇಳಿ ಕೈಯನ್ನು ಬಿಟ್ಟುಬಿಡುವುದೇ ಸರಿ. ದೇವರ ಮನೆಯ ನಂದಾದೀಪವನ್ನು ಮಿಂಚಿನಿಂದ ತೆಗೆದ ಪಟವೆಂದರೆ ಸೂರ್ಯೋದಯವನ್ನು ಪಂಜು ಹಿಡಿದು ನೋಡಿದ ಹಾಗೆ.

ಇಷ್ಟನ್ನೂ ನಾವು ವಿನೋದಕ್ಕಾಗಿ ಕಲಿತಿದ್ದೆವು. ಅದು ಕೆಲಸಕ್ಕೆ ಬಂದುದು ನಮ್ಮ ಸೋದರತ್ತೆಯ ಸಲುವಾಗಿ. ಆಕೆಗೆ ಎಂಬತ್ತಾರು ವರ್ಷ. ಆರನೆಯ ವಯಸ್ಸಿನಲ್ಲಿ ಆಕೆಗೆ ಸಿಡುಬು ಬಂದಿದ್ದಿತು. ಕೆನ್ನೆ ಹಣೆಗಳ ತುಂಬ ಅದರ ಕಲೆಗಳು. ಅದೇ ತಿಂಗಳಿನಲ್ಲಿ ಆಕೆಯ ತಮ್ಮಂದಿರಿಬ್ಬರು ಅದೇ ರೋಗದಿಂದ ಹೋದರು. ಅವರ ಪಟ ಯಾವುದೂ ಇಲ್ಲ. ಕಳೆದ ವರ್ಷ ಮನೆಯಲ್ಲಿ ಉಪನಯನವಾದಾಗ ಹುಡುಗನೊಬ್ಬನು ತನ್ನ ಮೊಬೈಲಿನಿಂದ ಆಕೆಯ ಪಟವನ್ನು ತೆಗೆದು ಅಭಿಮಾನದಿಂದ ತೋರಿಸಿದನು. ಮೊಬೈಲು ತಾನಾಗಿಯೇ ಕಲೆಗಳನ್ನೆಲ್ಲ ಒರಸಿ, ಸುಕ್ಕುಗಳನ್ನು ನೀವಿ, ಬಣ್ಣವನ್ನು ಒಂದಿಷ್ಟು ತಿಳಿ ಮಾಡಿ ಇಟ್ಟಿದ್ದಿತು. ಯಾರೂ ಅದಕ್ಕೆ ಹಾಗೆ ಮಾಡೆಂದು ಹೇಳಿರಲಿಲ್ಲ. ಅತ್ತೆ ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ನೋಡಿ, “ಇವಳ್ಯಾರಪ್ಪಾ?” ಎಂದರು. ಹುಡುಗರು ನಕ್ಕರು. ಆಕೆ ನಗಲಿಲ್ಲ. ರಾತ್ರಿ ನಮ್ಮನ್ನು ಕರೆದು, “ನಾನು ಹೋದಮೇಲೆ ಗೋಡೆಗೆ ಹಾಕೋಕೆ ಒಂದು ಪಟ ಬೇಕು. ಅಮ್ಮ ಹಾಕಿದ ರುಜು ಮುಖದ ಮೇಲೆ ಹಾಗೇ ಇರಬೇಕು. ಆ ಮಕ್ಕಳಿದ್ದರು ಅನ್ನೋದಕ್ಕೆ ಇನ್ನೇನಿದೆ?” ಎಂದು ಕೇಳಿದರು.

ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು. ಅಂಥ ಮುಖಗಳನ್ನು ನಮ್ಮ ಮೊಮ್ಮಕ್ಕಳು ಕಾಣಲಾರರು. ಅದು ಲೋಕದ ಭಾಗ್ಯ. ಆದರೆ ಇರುವ ಮುಖವನ್ನು ಇಲ್ಲವೆನ್ನಿಸುವ ಅಧಿಕಾರವನ್ನು ಯಂತ್ರಕ್ಕೆ ಯಾರು ಕೊಟ್ಟರು?

ಮರುದಿನ ಬೆಳಗ್ಗೆ ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿದೆವು. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಎದುರಿಗಿದ್ದರೆ ಬೆಳಕು ಸಮನಾಗಿ ಬಿದ್ದು ಕಲೆಗಳ ತಗ್ಗು ಕಾಣುವುದಿಲ್ಲ. ಆದ್ದರಿಂದ ಕುರ್ಚಿಯನ್ನು ಓರೆಯಾಗಿಟ್ಟು, ಎಡಗೆನ್ನೆಯ ಮೇಲೆ ಬೆಳಕು ಸವರಿಕೊಂಡು ಹೋಗುವಂತೆ ಮಾಡಿದೆವು. ಹಸಿರು ಗುರುತಿನಲ್ಲಿ ಮೊದಲನೆಯ ಪಟವನ್ನು ತೆಗೆದುದರಲ್ಲಿ ನಾವು ಎದುರುನೋಡಿದ್ದಂತೆಯೇ ಆಯಿತು: ಒಳಗಿನ ಮಬ್ಬನ್ನು ಕಂಡು ಯಂತ್ರವು ಮಿಂಚನ್ನು ಹಾರಿಸಿತು, ಕನ್ನಡಕದಲ್ಲಿ ಎರಡು ನಕ್ಷತ್ರಗಳು, ಮುಖ ರೊಟ್ಟಿಯಂತೆ ಚಪ್ಪಟೆ. ಬಿಲ್ಲೆಯನ್ನು ‘ಪಿ’ಗೆ ತಿರುಗಿಸಿ ಮಿಂಚನ್ನು ಆರಿಸಿದೆವು. ಚರ್ಮವನ್ನು ನುಣುಪು ಮಾಡುವ ಏರ್ಪಾಡು ಈ ಕ್ಯಾಮರಾದ ಪಟ್ಟಿಯಲ್ಲಿಯೂ ಇದ್ದಿತು. ಅದು ಮುಚ್ಚಿದೆಯೆಂಬುದನ್ನು ಎರಡು ಬಾರಿ ನೋಡಿಕೊಂಡೆವು. ಆಕೆಯ ಬಿಳಿಯ ಸೀರೆ ಚೌಕಟ್ಟಿನ ಅರ್ಧವನ್ನು ಹಿಡಿದಿದ್ದುದರಿಂದ ಮೂರರಲ್ಲಿ ಎರಡು ಪಾಲು ಮೆಟ್ಟಿಲನ್ನು ಕೂಡಿಸಿದೆವು. ಕಿಂಡಿ ತೆರೆದಿರುವ ಹೊತ್ತು ಹದಿನೈದರಲ್ಲೊಂದು ಪಾಲೆಂದು ತೆರೆ ತೋರಿಸಿತು. ಅರವತ್ತರ ಕೈಗೆ ಅಷ್ಟು ಸ್ಥೈರ್ಯವೆಲ್ಲಿಂದ ಬರಬೇಕು? ಮುಕ್ಕಾಲಿಯ ಮೇಲೆ ಎರಡು ಸಂಸ್ಕೃತ ನಿಘಂಟುಗಳನ್ನು ಒಟ್ಟಿ ಅದರ ಮೇಲೆ ಕ್ಯಾಮರಾವನ್ನಿಟ್ಟೆವು. ನಿಘಂಟುಗಳು ಇಷ್ಟು ಪ್ರಯೋಜನಕ್ಕೆ ಬಂದುದನ್ನು ಮನೆಯಾಕೆ ಅಂದೇ ಕಂಡದ್ದಂತೆ.

ಕ್ಯಾಮರಾ ಸದ್ದುಮಾಡಿದಾಗಲೆಲ್ಲ ಅತ್ತೆ “ಮುಗೀತೇ?” ಎನ್ನುತ್ತಿದ್ದರು, ಎಲ್ಲ ಪಟಗಳಲ್ಲಿಯೂ ಬಾಯಿ ಅರೆ ತೆರೆದಿದ್ದಿತು. ಹದಿನಾಲ್ಕನೆಯದರ ಹೊತ್ತಿಗೆ ಅಡಿಗೆಮನೆಯಲ್ಲಿ ಹಾಲು ಉಕ್ಕುವ ವಾಸನೆ ಬಂದು ಆಕೆ ಅತ್ತ ತಿರುಗಿದರು. ಹುಬ್ಬು ಕೊಂಚ ಮೇಲೇರಿದ್ದಿತು, ಯಾರನ್ನೋ ಗದರಿಸಬೇಕೆಂದಿರುವ ತುಟಿ, ಕೆನ್ನೆಯ ಮೇಲೆ ಒಂದೊಂದು ಕಲೆಗೂ ಅದರದರ ನೆರಳು. ಅದನ್ನು ದೊಡ್ಡದಾಗಿ ಮಾಡಿ ತೋರಿಸಿದಾಗ ಆಕೆ ತೆರೆಯ ಮೇಲೆ ಬೆರಳಿಟ್ಟು ಹಣೆಯಿಂದ ಗಲ್ಲದವರೆಗೆ ಮೆಲ್ಲನೆ ಎಳೆದರು. “ಹೂಂ, ಇವಳು ನಾನೇ” ಎಂದು ಎದ್ದು ಹಾಲನ್ನು ನೋಡಲು ಹೋದರು.

ಪೇಟೆಯಲ್ಲಿ ಅಚ್ಚುಹಾಕಿಸಲು ಕೊಟ್ಟಾಗ ಅಂಗಡಿಯ ತರುಣನು ಪಟವನ್ನು ತೆರೆಯ ಮೇಲೆ ತೆರೆದು, ಬಹಳ ಮರ್ಯಾದೆಯಿಂದ, “ಮುಖ ಸ್ವಲ್ಪ ಕ್ಲೀನ್ ಮಾಡಿಕೊಡಲೇ ಸಾರ್? ಅದಕ್ಕೆ ಬೇರೆ ಚಾರ್ಜ್ ಇಲ್ಲ” ಎಂದನು. ಬೇಡವೆಂದೆವು. ಹಣವನ್ನು ಎಣಿಸಿಕೊಳ್ಳುವಾಗ ಇನ್ನೊಮ್ಮೆ ಕೇಳಿದನು, ಇನ್ನೊಮ್ಮೆ ಬೇಡವೆಂದೆವು. ಆಮೇಲೆ ಅವನು ಲಕೋಟೆಯ ಮೇಲೆ ನಮ್ಮ ಹೆಸರು, ಎಂಟು ಇಂಟು ಹತ್ತು, ಪ್ರತಿ ಎರಡು ಎಂದು ಬರೆದು, ಅದರ ಕೆಳಗೆ ‘ಹಾಗೆಯೇ’ ಎಂದು ಸೇರಿಸಿ ಗೆರೆ ಎಳೆದನು.